ಪೆನ್ಸಿಲಮ್ಮ ಮುರಿದ ಜೋಡಿ

ಪೆನ್ಸಿಲಮ್ಮ ಅನ್ನುವ ಹೆಸರು ಅವಳಿಗೆ ಅಪ್ಪ ಅಮ್ಮ ಇಟ್ಟದ್ದಲ್ಲ, ಶಾಸನಸಭೆಯ ಕ್ಯಾಂಟೀನಿನವನು ಇಟ್ಟದ್ದು. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಸದನದ ನಡುವೆ, ಸಭಾಧ್ಯಕ್ಷರ ಪೀಠದ ಕೆಳಗೆ, ಒಂದು ಉದ್ದನೆಯ ಮೇಜಿದೆ. ಅಲ್ಲಿ ಕೂತು ಸದಸ್ಯರು ಆಡಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ಅವಳ ಕೆಲಸ. ಹತ್ತು ನಿಮಿಷ ಬರೆಯಬೇಕು, ಎದ್ದು ಹೋಗಿ ಪಕ್ಕದ ಕೋಣೆಯಲ್ಲಿ ಅದನ್ನು ಟೈಪು ಮಾಡಬೇಕು, ಮತ್ತೆ ಬಂದು ಕೂರಬೇಕು. ಪೆನ್ನು ಯಾವ ಗಳಿಗೆಯಲ್ಲಿ ಕೈಕೊಡುತ್ತದೋ ಎಂದು ವರದಿಗಾರರೆಲ್ಲ ಪೆನ್ಸಿಲನ್ನೇ ಹಿಡಿಯುತ್ತಿದ್ದರು. ಇವಳು ಮಾತ್ರ ಚಹಾ ಕುಡಿಯಲು ಬಂದಾಗಲೂ ಕಿವಿಯ ಮೇಲೊಂದು, ಜಡೆಯಲ್ಲೊಂದು ಸಿಕ್ಕಿಸಿಕೊಂಡೇ ಬರುತ್ತಿದ್ದಳು. ಹೆಸರು ಅಂಟಿಕೊಂಡಿತು. ಮುಂದೆ ಅವಳು ಅದೇ ಸದನದ ಸದಸ್ಯೆಯಾಗಿ ಮೇಲಿನ ಬೆಂಚಿನಲ್ಲಿ ಕೂತಾಗಲೂ ಜನ ಅದೇ ಹೆಸರು ಹಿಡಿದು ಕರೆದರು.

ಆ ಮೇಜಿಗೊಂದು ಶಿಸ್ತಿತ್ತು. ಅಲ್ಲಿ ಕೂತವರು ತಲೆ ಎತ್ತಬಾರದು, ನಗಬಾರದು, ಮುಖ ಸಿಂಡರಿಸಬಾರದು. ಮೇಲೆ ಒಬ್ಬರಿಗೊಬ್ಬರು ಕುತ್ತಿಗೆಪಟ್ಟಿ ಹಿಡಿದುಕೊಂಡರೂ ಇವರು ‘ಗದ್ದಲ’ ಎಂದು ಬರೆದು ಸುಮ್ಮನಿರಬೇಕು. ಹದಿನಾಲ್ಕು ವರ್ಷ ಅವಳು ಹಾಗೆಯೇ ತುಟಿ ಪಿಟಕ್ಕೆನ್ನದೆ ಕೂತಳು. ಮಾತಿನ ಮಲ್ಲಿ ಅವಳು, ಮನೆಯಲ್ಲಿ ಗಂಡನಿಗೆ ಒಂದು ವಾಕ್ಯ ಮುಗಿಸಲು ಬಿಡುತ್ತಿರಲಿಲ್ಲ. ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, "ಇಡೀ ದಿನ ಕಟ್ಟಿಟ್ಟದ್ದನ್ನೆಲ್ಲ ನನ್ನ ತಲೆ ಮೇಲೇ ಸುರೀತೀಯ ನೋಡು," ಎಂದು ನಗುತ್ತಿದ್ದ.

ಅವಳಿಗೊಬ್ಬ ಅಕ್ಕ. ಅಕ್ಕನ ಕಥೆ ಹೇಳದೆ ಇವಳ ಕಥೆ ಮುಂದೆ ಸಾಗುವುದಿಲ್ಲ. ಅವಳ ಇಪ್ಪತ್ತೆಂಟಕ್ಕೇ ಗಂಡ ತೀರಿಕೊಂಡ, ಕೈಯಲ್ಲಿ ಏಳು ವರ್ಷದ ಮಗಳು. ಆ ರಾಜ್ಯದ ಸಂವಿಧಾನದಲ್ಲಿ ಹದಿನಾಲ್ಕನೇ ಕಲಂ ಅಂತ ಒಂದಿತ್ತು: ಮಗುವಿನ ಪೋಷಕ ತಂದೆ, ತಂದೆ ಇಲ್ಲದಿದ್ದರೆ ತಂದೆಯ ಕಡೆಯ ಹತ್ತಿರದ ಗಂಡಸು. ತಾಯಿಯ ಸುದ್ದಿಯೇ ಇಲ್ಲ. ಮೈದುನ ಬಂದ, ಒಂದು ಕಾಗದಕ್ಕೆ ಸಹಿ ಹಾಕಿದ, ಹುಡುಗಿಯನ್ನು ತನ್ನ ಊರಿಗೆ ಕರೆದುಕೊಂಡು ಹೋದ. ಅವನೇನೂ ರಾಕ್ಷಸನಲ್ಲ. ಚೆನ್ನಾಗಿಯೇ ಸಾಕಿದ, ಓದಿಸಿದ. ತಿಂಗಳಿಗೊಂದು ಭಾನುವಾರ ಅಕ್ಕ ಬಸ್ಸು ಹತ್ತಿ ಹೋಗಿ, ಅವರ ಮನೆಯ ಹಾಲ್‌ನಲ್ಲಿ ಕುರ್ಚಿಯ ತುದಿಯಲ್ಲಿ ಕೂತು ಮಗಳನ್ನು ನೋಡಿ ಬರುತ್ತಿದ್ದಳು. ಮೊದಲ ವರ್ಷ ಹುಡುಗಿ ಓಡಿ ಬಂದು ತಬ್ಬಿಕೊಂಡಳು. ಎರಡನೇ ವರ್ಷ ನಡೆದು ಬಂದಳು. ನಾಲ್ಕನೇ ವರ್ಷ, "ಚೆನ್ನಾಗಿದ್ದೀರಾ?" ಎಂದು ಕೇಳಿದಳು. ಆ ಬಹುವಚನ ಕೇಳಿ ಅಕ್ಕ ಬಸ್‌ಸ್ಟಾಂಡಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ಅತ್ತಳಂತೆ. ಅದನ್ನು ಅವಳು ಹೇಳಿದ್ದು ತಂಗಿಯೊಬ್ಬಳಿಗೇ.

ಹೀಗಿರುವಾಗ ಒಂದು ದಿನ ಸದನದಲ್ಲಿ ಯಾರೋ ಪುಣ್ಯಾತ್ಮರು ಎದ್ದು, ಹದಿನಾಲ್ಕನೇ ಕಲಮಿನಲ್ಲಿ ತಾಯಿಯನ್ನೂ ಸೇರಿಸಬೇಕು ಎಂದರು. ಪೆನ್ಸಿಲಮ್ಮನ ಸರದಿ ನಡೆಯುತ್ತಿತ್ತು. ಅವಳ ಕೈ ನಿಲ್ಲಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಕೂತಲ್ಲಿಂದಲೇ, "ಸ್ವಾಮಿ, ಅಡುಗೆಗೆ ಉಪ್ಪು ಎಷ್ಟು ಅಂತ ಅವಳು ನೋಡ್ಕೊಳ್ಳಲಿ, ಸಹಿ ನಾವು ನೋಡ್ಕೊಳ್ತೀವಿ," ಎಂದ. ಸದನಕ್ಕೆ ಸದನವೇ ಬಿದ್ದು ಬಿದ್ದು ನಕ್ಕಿತು. ಪ್ರಸ್ತಾಪ ತಂದವರೂ ನಕ್ಕು ಕೂತುಬಿಟ್ಟರು. ಪೆನ್ಸಿಲಮ್ಮ ಆ ಮಾತನ್ನು ಬರೆದಳು, ಅದರ ಮುಂದೆ ‘ನಗು’ ಎಂದೂ ಬರೆದಳು, ಅದು ನಿಯಮ. ಎದ್ದು ಹೋಗಿ ಎರಡು ಪ್ರತಿ ಟೈಪು ಮಾಡಿ ಇಟ್ಟಳು. ಮೂರನೆಯ ಹಾಳೆ ಸಿಕ್ಕಿಸಿ ರಾಜೀನಾಮೆ ಟೈಪು ಮಾಡಿದಳು.

"ಲೇ, ಸರ್ಕಾರಿ ಕೆಲಸ ಕಣೇ! ಪಿಂಚಣಿ ಇತ್ತು!" ಗಂಡ ತಲೆ ಮೇಲೆ ಕೈ ಹೊತ್ತ.

"ಇರಲಿ ಬಿಡ್ರೀ. ಆ ಹಾಳು ಮೇಜಿನ ಮುಂದೆ ಇನ್ನೊಂದು ದಿನ ಕೂತ್ರೆ ನಾನು ಪೆನ್ಸಿಲ್ ತಗೊಂಡು ಯಾರ ಕಣ್ಣಿಗಾದರೂ ಚುಚ್ಚಿಬಿಡ್ತೀನಿ."

ಮೊದಲ ಚುನಾವಣೆಯಲ್ಲಿ ಸೋತಳು. ಎರಡನೆಯದರಲ್ಲಿ ಗೆದ್ದಳು, ಗೆದ್ದ ರೀತಿಯನ್ನು ಊರು ಇವತ್ತಿಗೂ ಹೇಳಿಕೊಂಡು ನಗುತ್ತದೆ. ಅವಳ ಹತ್ತಿರ ಬಾವುಟವಿರಲಿಲ್ಲ, ಜೀಪಿರಲಿಲ್ಲ. ಒಂದು ಸ್ಟೂಲಿನ ಮೇಲೆ ನಿಂತು, "ನಿಮ್ಮ ಸದಸ್ಯರು ಐದು ವರ್ಷದಲ್ಲಿ ಸದನದಲ್ಲಿ ಆಡಿದ್ದು ಹನ್ನೊಂದು ವಾಕ್ಯ. ನಾನೇ ಬರ್ಕೊಂಡಿದ್ದೀನಿ. ಅದರಲ್ಲಿ ನಾಲ್ಕು, ಫ್ಯಾನ್ ಸ್ವಲ್ಪ ಜೋರು ಮಾಡಿ ಅಂತ," ಎನ್ನುತ್ತಿದ್ದಳು. ಉಳಿದ ಏಳನ್ನೂ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಆ ಸದಸ್ಯ ಮಾನನಷ್ಟದ ಕೇಸು ಹಾಕುತ್ತೇನೆಂದು ಹಾರಾಡಿದ. ವಕೀಲರು ಕಡತ ನೋಡಿ, "ಸುಮ್ಮನಿರಿ ಸಾರ್, ಹನ್ನೊಂದೇ ಇರೋದು," ಎಂದರಂತೆ.

ಗೆದ್ದು ಬಂದ ಮೇಲೆ ಗೊತ್ತಾಯಿತು, ಒಂದು ಕಲಂ ಅಲುಗಾಡಿಸುವುದು ಹಳೆಯ ಬೀರು ಅಲುಗಾಡಿಸಿದ ಹಾಗೆ. ತಳ್ಳಿದವರ ಸೊಂಟವೇ ಮುರಿಯುತ್ತದೆ. ಸಾಮಾನ್ಯ ಕಾನೂನಿಗಾದರೆ ಅವತ್ತು ಬಂದವರಲ್ಲಿ ಒಂದು ಕೈ ಹೆಚ್ಚಿದ್ದರೆ ಸಾಕು. ಸಂವಿಧಾನಕ್ಕೆ ಹಾಗಲ್ಲ. ಒಟ್ಟು ತೊಂಬತ್ತು ಸ್ಥಾನ, ಅದರಲ್ಲಿ ಅರವತ್ತು ಜನ ಎದ್ದು ನಿಂತು ‘ಪರ’ ಅನ್ನಬೇಕು. ಮನೆಯಲ್ಲಿ ಮಲಗಿದವನು, ಕ್ಯಾಂಟೀನಿನಲ್ಲಿ ಕೂತವನು, ಎಲ್ಲರೂ ವಿರೋಧದ ಲೆಕ್ಕವೇ. ಹನ್ನೆರಡು ವರ್ಷ ಅವಳು ಆ ಅರವತ್ತರ ಬೆನ್ನು ಹತ್ತಿದಳು. ಸಮಿತಿಗೆ ಹೋಗಿ ಕೂತಳು, ಸಮಿತಿ ಮುಗಿದು ಉಪಸಮಿತಿ ಬಂತು, ಉಪಸಮಿತಿಯ ವರದಿ ಕಪಾಟಿನಲ್ಲಿ ನಿದ್ದೆಹೋಯಿತು, ಎಬ್ಬಿಸಿ ತಂದಳು. ಮೆಟ್ಟಿಲಲ್ಲಿ, ಕಾರಿಡಾರಿನಲ್ಲಿ, ಲಿಫ್ಟಿನಲ್ಲಿ ಸದಸ್ಯರನ್ನು ಅಡ್ಡಗಟ್ಟುತ್ತಿದ್ದಳು. ಅವಳು ಬರುವುದು ಕಂಡರೆ ಕೆಲವರು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಎರಡು ಸಲ ಮತಕ್ಕೆ ಬಂತು. ಮೊದಲ ಸಲ ಮೂವತ್ತೊಂದು, ಎರಡನೆಯ ಸಲ ನಲವತ್ತೇಳು.

ಎದುರು ಬೆಂಚಿನಲ್ಲಿ ಅದನ್ನು ಪಟ್ಟು ಹಿಡಿದು ವಿರೋಧಿಸುತ್ತಿದ್ದವರು ಮೀಸೆ ವಕೀಲರು. ಅವಳಿಗಿಂತ ಹದಿನೈದು ವರ್ಷ ದೊಡ್ಡವರು. ಮೀಸೆ ಎಂದರೆ ಮೀಸೆ, ಬಿಳಿಯದು, ಚಹಾ ಕುಡಿಯುವಾಗ ಕೈಯಲ್ಲಿ ಎತ್ತಿ ಹಿಡಿಯಬೇಕಾದಂಥದ್ದು. ಅವರೇನೂ ಉಪ್ಪಿನ ಮಾತಾಡುವ ಜಾತಿಯಲ್ಲ. "ಒಂದು ಮಗುಗೆ ಎರಡು ಸಹಿ ಅಂತ ಆದ್ರೆ ಗಂಡ ಹೆಂಡತಿ ಜಗಳಕ್ಕೆಲ್ಲ ಮಗು ಕೋರ್ಟಿನ ಬೆಂಚಿಗೆ ಬರುತ್ತೆ. ನಾನು ನಲವತ್ತು ವರ್ಷದಿಂದ ಆ ಬೆಂಚು ನೋಡ್ತಿದ್ದೀನಿ ಪೆನ್ಸಿಲಮ್ಮ," ಎನ್ನುತ್ತಿದ್ದರು. ಅವಳು, "ನನ್ನಕ್ಕ ಬಸ್‌ಸ್ಟಾಂಡಿನ ಬೆಂಚು ನೋಡಿದ್ದಾಳೆ ವಕೀಲರೇ," ಎನ್ನುತ್ತಿದ್ದಳು. ಹೀಗೆ ಕಿತ್ತಾಡಿ ಇಬ್ಬರೂ ಒಂದೇ ಮೇಜಿನಲ್ಲಿ ಬನ್ನು ಮುರಿದು ತಿನ್ನುತ್ತಿದ್ದರು. ಅವರ ಬಗ್ಗೆ ಅವಳಿಗೆ ಗೌರವವಿತ್ತು, ಪ್ರೀತಿಯೂ ಇತ್ತು, ಅದನ್ನು ಮುಚ್ಚಿಡುವುದೇನು.

ಆ ಸದನದಲ್ಲಿ ‘ಜೋಡಿ’ ಅಂತ ಒಂದು ಪದ್ಧತಿ. ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ಒಬ್ಬ ಸದಸ್ಯನಿಗೆ ಕಾಯಿಲೆಯೋ ಮನೆಯಲ್ಲಿ ಸಾವೋ ಬಂದು ಸದನಕ್ಕೆ ಬರಲಾಗದಿದ್ದರೆ, ಎದುರು ಪಕ್ಷದವನೊಬ್ಬ ಅವನಿಗೆ ಜೋಡಿ ನಿಲ್ಲುತ್ತಾನೆ. ನೀನು ಬರುವವರೆಗೆ ನಾನೂ ಮತ ಹಾಕುವುದಿಲ್ಲ ಎಂದು ಮಾತು. ಆಗ ಎರಡು ಕಡೆಯ ತಕ್ಕಡಿಯೂ ಸಮ. ಬರವಣಿಗೆ ಇಲ್ಲ, ಸಾಕ್ಷಿ ಇಲ್ಲ, ‘ಜೋಡಿ?’ ಎಂದು ಕೇಳುವುದು, ‘ಆಯ್ತು’ ಎನ್ನುವುದು, ಅಷ್ಟೇ. ಯಾವುದಾದರೂ ಒಂದು ಮತವನ್ನು ಹೊರಗಿಡಬೇಕಿದ್ದರೆ ಆಗಲೇ, ಬಾಯಿ ಬಿಟ್ಟು, ‘ಇದೊಂದು ಬಿಟ್ಟು’ ಅನ್ನಬೇಕು. ಅನ್ನದಿದ್ದರೆ ಎಲ್ಲವೂ ಸೇರಿತು. ಹೊರಗೆ ಒಬ್ಬರನ್ನೊಬ್ಬರು ಕಳ್ಳ ಸುಳ್ಳ ಎಂದು ಬೈದಾಡುವ ಅದೇ ಜನ ಈ ಒಂದು ವಿಷಯದಲ್ಲಿ ಚಕಾರ ಎತ್ತುತ್ತಿರಲಿಲ್ಲ. ಮೇಜಿನ ಹದಿನಾಲ್ಕು, ಬೆಂಚಿನ ಹನ್ನೆರಡು, ಅಷ್ಟೂ ವರ್ಷಗಳಲ್ಲಿ ಜೋಡಿ ಮುರಿದದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಹಿಂದೊಮ್ಮೆ ಅವಳ ಗಂಡನಿಗೆ ಎದೆನೋವು ಬಂದಾಗ ಕೇಳದೆಯೇ ಜೋಡಿ ನಿಂತವರು ಮೀಸೆ ವಕೀಲರು. ಒಂಬತ್ತು ದಿನ. ಅದರಲ್ಲಿ ಒಂದು ದಿನ ವಕೀಲರೇ ಎರಡು ವರ್ಷ ಕೂತು ಬರೆದ ಮಸೂದೆ ಒಂದೇ ಒಂದು ಮತದಿಂದ ಬಿದ್ದುಹೋಯಿತು. ಅವರ ನಾಯಕ ಎಲ್ಲರೆದುರು ಅವರಿಗೆ ನೀರಿಳಿಸಿದ. ಕ್ಯಾಂಟೀನಿನವನು ಹೇಳಿದ್ದರಿಂದ ಅವಳಿಗೆ ಗೊತ್ತಾಯಿತೇ ಹೊರತು ವಕೀಲರು ಒಂದು ದಿನವೂ ಬಾಯಿ ಬಿಡಲಿಲ್ಲ.

ಹಾಗಾಗಿ ಆ ವರ್ಷ, ವಕೀಲರಿಗೆ ಹೃದಯದ ಆಪರೇಷನ್ ಎಂದು ಗೊತ್ತಾದಾಗ ಅವಳು ಹಿಂದೆ ಮುಂದೆ ನೋಡಲಿಲ್ಲ. ಕಾರಿಡಾರಿನಲ್ಲಿ ಸಿಕ್ಕರು, ಕೈಯಲ್ಲಿ ಎಕ್ಸ್‌ರೇಯ ದೊಡ್ಡ ಕವರು.

"ಜೋಡಿ?" ಎಂದರು.

"ಆಯ್ತು. ನೀವು ಹುಷಾರಾಗಿ ಬರೋವರೆಗೂ," ಎಂದಳು.

ಅವಳ ತಿದ್ದುಪಡಿ ಆಗ ಮೂರನೆಯ ಸಲ ಸಮಿತಿಯಲ್ಲಿತ್ತು. ಮತಕ್ಕೆ ಬರಲು ಕಡಿಮೆ ಅಂದರೂ ಮೂರು ತಿಂಗಳು ಬೇಕು ಎಂದುಕೊಂಡಿದ್ದಳು. ‘ಇದೊಂದು ಬಿಟ್ಟು’ ಎನ್ನಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಸದನದ ಪದ್ಧತಿಯನ್ನು ಅಂಗೈ ಗೆರೆಯ ಹಾಗೆ ಬಲ್ಲವಳು ಮಾಡಿದ ತಪ್ಪು ಅದು.

ಹತ್ತೇ ದಿನಕ್ಕೆ ಸರ್ಕಾರ ಅಲುಗಾಡತೊಡಗಿತು. ಜೊತೆಯಲ್ಲಿದ್ದ ಸಣ್ಣ ಪಕ್ಷದವರು ಶುಕ್ರವಾರ ಬೆಂಬಲ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ಸದನ ವಿಸರ್ಜನೆಯಾಗುತ್ತದೆ ಎಂದು ಸುದ್ದಿ. ವಿಸರ್ಜನೆಯಾದರೆ ತಿದ್ದುಪಡಿಯ ಕಡತವೂ ಸತ್ತ ಹಾಗೆ, ಹೊಸ ಸದನದಲ್ಲಿ ಮೊದಲಿನಿಂದ ಶುರು. ಗೆದ್ದ ಮೇಲೆ ಅವಳು ಸೇರಿಕೊಂಡಿದ್ದ ಆಡಳಿತ ಪಕ್ಷದ ಸಚೇತಕ, ಅಂದರೆ ಸದಸ್ಯರನ್ನು ಎಣಿಸಿ ಒಳಗೆ ಕೂಡಿಸುವ ಕೆಲಸದವನು, ಓಡಿ ಬಂದ. "ಅಮ್ಮಾ, ಗುರುವಾರ ಮತಕ್ಕೆ ಹಾಕಿಸಿದ್ದೀನಿ. ಲೆಕ್ಕ ಹಾಕಿದೆ. ಅರವತ್ತು ಸಿಕ್ತಾರೆ. ಸರಿಯಾಗಿ ಅರವತ್ತು!"

"ನನ್ನನ್ನ ಸೇರಿಸಿ?"

"ನಿಮ್ಮನ್ನ ಸೇರಿಸಿ ತಾನೇ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಜೋಡಿಯ ವಿಷಯ ಸಚೇತಕನಿಗೆ ಹೇಳಿದಳು. ಅವನು ವಾದಕ್ಕಿಳಿದ. "ಅಲ್ಲಮ್ಮಾ, ಇದು ಜೋಡೀನೇ ಅಲ್ಲ. ಅವರು ಬರದಿದ್ರೂ ವಿರೋಧದ ಲೆಕ್ಕಾನೇ. ನೀವು ಕೂತ್ರೆ ಅವರಿಗೆ ಎರಡು ಮತ ಕೊಟ್ಟ ಹಾಗಾಯ್ತು. ಯಾವ ನ್ಯಾಯ ಇದು?" ಅವನು ಹೇಳುವುದರಲ್ಲಿ ಹುರುಳಿತ್ತು. ಆದರೆ ಅದನ್ನು ಕಾರಿಡಾರಿನಲ್ಲಿ ಹೇಳಬೇಕಿತ್ತು, ಎಕ್ಸ್‌ರೇ ಕವರು ಹಿಡಿದು ನಿಂತವರ ಮುಖಕ್ಕೆ ಹೇಳಬೇಕಿತ್ತು. ಹೇಳದೆ ಈಗ ಲೆಕ್ಕ ತೆಗೆದರೆ ಅದು ಕುತಂತ್ರ ಎಂದು ಅವಳಿಗೆ ಗೊತ್ತಿತ್ತು.

ಮನೆಗೆ ಬಂದು ಗಂಡನ ಮುಂದೆ ಕೂತಳು. ಅವನು ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. "ನನ್ನನ್ನ ಕೇಳಬೇಡ ಮಾರಾಯ್ತಿ. ನನ್ನ ಎದೆನೋವಿಗೆ ಜೋಡಿ ನಿಂತ ಮನುಷ್ಯ ಅವರು. ನನ್ನ ಬಾಯಲ್ಲಿ ಮುರಿ ಅಂತ ಬರಲ್ಲ, ಬೇಡ ಅನ್ನೋಕೂ ಬರಲ್ಲ," ಎಂದ.

ಅಕ್ಕ ಅಲ್ಲೇ ಇದ್ದಳು. ಆಗ ಅವಳಿಗೆ ಅರವತ್ತಾಗುತ್ತಾ ಬಂದಿತ್ತು. ಬಟ್ಟೆ ಮಡಿಸುತ್ತಾ ಕೂತವಳು ಕೇಳಿದಳು, "ಮುರಿದ್ರೆ ನಿನಗೇನಾಗುತ್ತೆ? ಜೈಲಾ?"

"ಜೈಲೇನಿಲ್ಲ. ಮುಂದೆ ಯಾರೂ ನನಗೆ ಜೋಡಿ ಬರಲ್ಲ. ಯಾರೂ ನನ್ನ ಮಾತು ನಂಬಲ್ಲ."

"ಅಷ್ಟೇನಾ?"

"ಅಷ್ಟೇ."

"ನನಗೂ ಅವತ್ತು ಅಷ್ಟೇ ಆಗಿದ್ದಿದ್ರೆ ಎಷ್ಟು ಚೆನ್ನಾಗಿತ್ತು," ಎಂದು ಅಕ್ಕ ಸೀರೆಯ ಮಡಿಕೆ ಒತ್ತಿದಳು. "ಮುರಿ ಕಣೇ. ಪಾಪ ಬಂದ್ರೆ ಅರ್ಧ ನನಗಿರಲಿ."

ಬುಧವಾರ ಮಧ್ಯಾಹ್ನ ಪೆನ್ಸಿಲಮ್ಮ ಆಸ್ಪತ್ರೆಗೆ ಹೋದಳು. ಹೇಳದೆ ಕೇಳದೆ ಬೆನ್ನ ಹಿಂದೆ ಮಾಡುವ ಕೆಲಸ ಬೇಡ, ಅವರೇ ಬಿಡುಗಡೆ ಕೊಟ್ಟುಬಿಟ್ಟರೆ ಎಲ್ಲ ಸುಸೂತ್ರ ಎಂಬ ಆಸೆ ಅವಳಿಗೆ. ವಕೀಲರಿಗೆ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ಮೂಗಿಗೆ ನಳಿಕೆ, ಮೀಸೆಯನ್ನು ಒಂದು ಕಡೆ ಕತ್ತರಿಸಿದ್ದರು. ಅದನ್ನು ನೋಡಿ ಅವಳಿಗೆ ಅಳು ಬಂತು. ಅವರ ಮಗಳು ಪಕ್ಕದಲ್ಲಿ ಕೂತು ಸೇಬಿನ ಸಿಪ್ಪೆ ತೆಗೆಯುತ್ತಿದ್ದಳು.

"ವಕೀಲರೇ, ನಾಳೆ ನನ್ನ ಕಲಂ ಮತಕ್ಕೆ ಬರ್ತಿದೆ. ನನ್ನನ್ನ ಸೇರಿಸಿದ್ರೆ ಅರವತ್ತು. ಅದೊಂದಕ್ಕೆ ಬಿಟ್ಟುಕೊಡಿ."

"ಆ ಕಲಂ ತಪ್ಪು ಅಂತ ನಾನು ನಂಬಿದೀನಿ. ನಂಬಿಕೆ ಬಿಟ್ಟು ನಿಮಗೆ ಬಿಡುಗಡೆ ಕೊಟ್ರೆ ನಾನೇ ಪರವಾಗಿ ಮತ ಹಾಕಿದ ಹಾಗೆ. ಕೊಡಲ್ಲ."

"ನಾಳೆ ಬಿಟ್ರೆ ಇನ್ನು ಹತ್ತು ವರ್ಷ ಆಗಲ್ಲ."

"ಗೊತ್ತು."

"ಹಾಗಾದ್ರೆ ನಾನು ಮುರೀತೀನಿ. ಮುಖಕ್ಕೇ ಹೇಳಿ ಹೋಗೋಣ ಅಂತ ಬಂದೆ."

"ಅದು ನಿಮಗೆ ಬಿಟ್ಟದ್ದು. ನನ್ನಿಂದ ಹೂಂ ಅನ್ನಿಸಿಕೊಂಡು ಹೋಗೋಕೆ ಬಂದ್ರಿ, ಅದು ಆಗಲ್ಲ," ಎಂದು ಕಣ್ಣು ಮುಚ್ಚಿದರು. ಮಗಳು ಸೇಬಿನ ತಟ್ಟೆ ಕೆಳಗಿಟ್ಟು, "ಅಪ್ಪ ಮಲಗಬೇಕು," ಎಂದು ಬಾಗಿಲು ತೋರಿಸಿದಳು.

ಗುರುವಾರ ಹನ್ನೊಂದೂವರೆಗೆ ಗುಮಾಸ್ತ ಕ್ಷೇತ್ರಗಳ ಹೆಸರು ಕೂಗತೊಡಗಿದ. ಒಬ್ಬೊಬ್ಬರಾಗಿ ಎದ್ದರು. ಪರ, ಪರ, ವಿರೋಧ, ಪರ. ಅವಳದು ಎಪ್ಪತ್ತನಾಲ್ಕನೆಯ ಸ್ಥಾನ. ಅಲ್ಲಿಯವರೆಗೆ ಅವಳು ಎರಡೂ ಕೈಯಿಂದ ಬೆಂಚು ಹಿಡಿದು ಕೂತಿದ್ದಳು. ಕ್ಷೇತ್ರದ ಹೆಸರು ಬಂತು. ಎದ್ದಳು. "ಪರ," ಎಂದಳು.

ಎದುರಿನಿಂದ ಯಾರೋ, "ಜೋಡಿ!" ಎಂದು ಕೂಗಿದರು. "ಜೋಡಿ! ಜೋಡಿ!" ಎಂದು ಆ ಕಡೆಯ ಬೆಂಚೆಲ್ಲ ಎದ್ದು ನಿಂತಿತು. ಸಭಾಧ್ಯಕ್ಷರು ಸುತ್ತಿಗೆ ಕುಟ್ಟಿ, ಪದ್ಧತಿ ಬೇರೆ ನಿಯಮ ಬೇರೆ, ಮತ ಲೆಕ್ಕಕ್ಕೆ ಬರುತ್ತದೆ ಎಂದರು. ಆಗ ಅವಳ ಕಣ್ಣು ಕೆಳಗಿನ ಮೇಜಿಗೆ ಹೋಯಿತು. ಅಲ್ಲಿದ್ದವಳು ಅವಳೇ ಕೈಹಿಡಿದು ಕೆಲಸ ಕಲಿಸಿದ ವರದಿಗಾರ್ತಿ. ಆ ಹುಡುಗಿ ಬರೆಯುವುದು ನಿಲ್ಲಿಸಿ ತಲೆ ಎತ್ತಿ ಇವಳನ್ನೇ ನೋಡುತ್ತಿದ್ದಳು. ಪೆನ್ಸಿಲಮ್ಮ ಮುಖ ಬೇರೆ ಕಡೆ ತಿರುಗಿಸಿದಳು.

ಅರವತ್ತು. ಕಲಂ ಪಾಸಾಯಿತು. ಹೊರಗೆ ಹೆಂಗಸರು ಮೆಟ್ಟಿಲ ತುಂಬ ನಿಂತು ಕೇಕೆ ಹಾಕಿದರು. ಯಾರೋ ಅವಳನ್ನು ಎತ್ತಿಯೇಬಿಟ್ಟರು. ತೊಂಬತ್ತು ಕೆಜಿ ಹೆಂಗಸನ್ನು ಎತ್ತುವುದೆಂದರೇನು, ನಾಲ್ವರ ಸೊಂಟ ಹಿಡಿದಿರಬೇಕು. ಅವಳು ಸಂತೋಷಪಟ್ಟಳು, ಮನಸಾರೆ. ಅದರಲ್ಲಿ ಸುಳ್ಳಿಲ್ಲ. ಮರುವಾರವೇ ಒಬ್ಬ ತಾಯಿ ಶಾಲೆಯ ಅರ್ಜಿಗೆ ತಾನೇ ಸಹಿ ಹಾಕಿ, ಅದರ ನಕಲು ಅಂಚೆಯಲ್ಲಿ ಕಳಿಸಿದ್ದಳು.

ಕ್ಯಾಂಟೀನಿನಲ್ಲಿ ಬೇರೆಯೇ ಆಯಿತು. ಚುನಾವಣೆ ನಡೆದು, ಅವಳು ಭಾರೀ ಅಂತರದಿಂದ ಗೆದ್ದು, ಹೊಸ ಸದನ ಸೇರಿದ ಮೊದಲ ದಿನ ಅವಳು ಚಹಾ ಹಿಡಿದು ಒಂದು ಮೇಜಿಗೆ ಹೋದಳು. ಅಲ್ಲಿದ್ದ ಮೂವರು ಎದುರು ಪಕ್ಷದವರು ಲೋಟ ಎತ್ತಿಕೊಂಡು ಎದ್ದರು. ಜಗಳವಿಲ್ಲ, ಕೆಟ್ಟ ಮಾತಿಲ್ಲ. ಮೀಸೆ ವಕೀಲರೂ ಗೆದ್ದು ಬಂದಿದ್ದರು, ಕೈಯಲ್ಲಿ ಕೋಲು. ಎದುರಾದಾಗ, "ನಮಸ್ಕಾರ," ಎಂದರು. ಹಿಂದೆ ಎಂದೂ ಅವಳಿಗೆ ನಮಸ್ಕಾರ ಅಂದವರಲ್ಲ, ನೇರ ಜಗಳಕ್ಕೇ ಬರುತ್ತಿದ್ದವರು. ಆ ಮೇಲೆ ಒಂದು ಮಾತಿಲ್ಲ.

ನಾಲ್ಕು ತಿಂಗಳಿಗೆ ಅವಳಿಗೆ ನೂರಮೂರು ಡಿಗ್ರಿ ಜ್ವರ ಬಂತು. ಸಚೇತಕ ಜೋಡಿ ಹುಡುಕಿಕೊಂಡು ಆ ಕಡೆ ಹೋದವನು ಹಲ್ಲುಗಿಂಜುತ್ತಾ ವಾಪಸು ಬಂದ. "ಬೇಜಾರು ಮಾಡ್ಕೋಬೇಡಿ ಅಮ್ಮಾ. ನಿಮ್ಮ ಹೆಸರು ಹೇಳಿದ್ರೆ ಎಲ್ಲರೂ ಬೇರೆ ಕಡೆ ನೋಡ್ತಾರೆ." ಅವನ ಸರ್ಕಾರಕ್ಕೆ ಇದ್ದದ್ದು ಒಂದೇ ಸ್ಥಾನದ ಬಹುಮತ. ಅವಳು ಕಂಬಳಿ ಹೊದ್ದು ಬಂದು ಸದನದಲ್ಲಿ ನಡುಗುತ್ತಾ ಕೂತಳು. ಅಂದಿನಿಂದ ನಾಲ್ಕು ವರ್ಷ ಒಂದು ದಿನ ತಪ್ಪಿಸಲಿಲ್ಲ. ತಪ್ಪಿಸುವ ಹಾಗೇ ಇರಲಿಲ್ಲ. ಭಾವನ ಮಗನ ಮದುವೆ ತಪ್ಪಿತು, ಗಂಡನ ಕಣ್ಣಿನ ಆಪರೇಷನ್ ತಪ್ಪಿತು. ಇದಾವುದೂ ಗೊತ್ತಿಲ್ಲದ ಒಂದು ನಾಗರಿಕ ಸಂಘದವರು, ನೂರಕ್ಕೆ ನೂರು ಹಾಜರಿ ಇರುವ ಏಕೈಕ ಸದಸ್ಯೆ ಎಂದು ಹಿತ್ತಾಳೆಯ ಫಲಕ ಕೊಟ್ಟರು. ಗಂಡ ಕಪ್ಪು ಕನ್ನಡಕ ಎತ್ತಿ ಅದನ್ನು ನೋಡಿ, "ಜೈಲಿನವರೂ ಹೀಗೆ ಫಲಕ ಕೊಟ್ರೆ ಚೆನ್ನಾಗಿರುತ್ತೆ," ಎಂದ. ಅವಳು ನಕ್ಕು ನಕ್ಕು ಆಮೇಲೆ ಮುಖ ತೊಳೆಯಲು ಹೋದಳು.

ಅಕ್ಕ ಮಾತ್ರ ನಗುತ್ತಿರಲಿಲ್ಲ. "ಮುರಿ ಅಂತ ಬಾಯಿಬಿಟ್ಟು ಹೇಳಿದವಳು ನಾನು. ಸುಖ ಊರಿಗೆಲ್ಲ, ಕೆಟ್ಟ ಹೆಸರು ನಿನಗೊಬ್ಬಳಿಗೆ," ಎಂದು ಆಗಾಗ ಕೊರಗುತ್ತಿದ್ದಳು. ಪ್ರತಿ ಅಧಿವೇಶನ ಮುಗಿದಾಗಲೂ ಕೇಳುತ್ತಿದ್ದಳು, "ಆ ಮೀಸೆಯವರು ಮಾತಾಡಿದ್ರಾ?" ಇಲ್ಲ ಎಂದರೆ ಅವತ್ತೆಲ್ಲ ಮಂಕಾಗಿರುತ್ತಿದ್ದಳು. ಆಡಿದ್ದನ್ನು ಆಡಿದ ಹಾಗೆಯೇ ಹೇಳುವುದು ಪೆನ್ಸಿಲಮ್ಮನ ಹುಟ್ಟುಗುಣ, ಸಮಾಧಾನಕ್ಕೆಂದೂ ಒಂದು ಪದ ಬದಲಿಸಿದವಳಲ್ಲ. ಇಲ್ಲ ಅಂದರೆ ಇಲ್ಲ.

ಆ ಅಕ್ಕ ಹಾಸಿಗೆ ಹಿಡಿದಳು. ಶ್ವಾಸಕೋಶ. ಮೂರು ವಾರ ಆಸ್ಪತ್ರೆ. ಬಜೆಟ್ ಅಧಿವೇಶನ ನಡೆಯುತ್ತಿತ್ತು. ಪೆನ್ಸಿಲಮ್ಮ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಸದನಕ್ಕೆ ಬಂದು, ಸಂಜೆ ಮತ್ತೆ ಹೋಗುತ್ತಿದ್ದಳು. ಬಜೆಟ್ಟಿಗೆ ಮತ ಹಾಕುವ ದಿನ ಎರಡು ಗಂಟೆಗೆ ಗಂಡನ ಫೋನು ಬಂತು. "ಡಾಕ್ಟರು ಇವತ್ತು ದಾಟೋದು ಕಷ್ಟ ಅಂತಿದ್ದಾರೆ. ನಿಮ್ಮಕ್ಕನ ಮಗಳೂ ಬಂದಿದ್ದಾಳೆ. ಎಚ್ಚರ ಇದೆ, ನಿನ್ನನ್ನ ಕೇಳ್ತಿದ್ದಾಳೆ. ಬಂದುಬಿಡು."

ಮತ ನಾಲ್ಕು ಗಂಟೆಗೆ. ಒಂದು ಮತ ಕಡಿಮೆಯಾದರೆ ಬಜೆಟ್ ಬೀಳುತ್ತದೆ, ಬಜೆಟ್ ಬಿದ್ದರೆ ಸರ್ಕಾರ. ಸಚೇತಕ ಈ ಸಲ ಕೇಳದೆಯೇ ಎದುರು ಬೆಂಚಿಗೆ ಓಡಿದ, ಬಗ್ಗಿ ಬಗ್ಗಿ ಒಬ್ಬೊಬ್ಬರ ಹತ್ತಿರ ಪಿಸುಗುಟ್ಟಿದ. ತಲೆಗಳು ಅಡ್ಡಡ್ಡ ಅಲ್ಲಾಡುವುದು ಇಲ್ಲಿಂದಲೇ ಕಾಣುತ್ತಿತ್ತು. ಪೆನ್ಸಿಲಮ್ಮ ಯಾರನ್ನೂ ದೂರಲಿಲ್ಲ. ಆ ಜಾಗದಲ್ಲಿ ತಾನಿದ್ದರೂ ಅಷ್ಟೇ ಮಾಡುತ್ತಿದ್ದೆ ಎಂದುಕೊಂಡಳು. ಎದ್ದು ಹೋಗಿಬಿಡಲೇ ಎಂದು ಎರಡು ಸಲ ಬೆಂಚಿನ ಅಂಚಿಗೆ ಬಂದಳು, ಎರಡು ಸಲ ಹಿಂದಕ್ಕೆ ಸರಿದಳು.

ಆಗ ಎದುರಿನ ಮೊದಲ ಸಾಲಿನಲ್ಲಿ ಕೋಲು ಸದ್ದಾಯಿತು. ಮೀಸೆ ವಕೀಲರು ಎದ್ದರು. ಸದನದ ನಡುವೆ ನಡೆದು, ವರದಿಗಾರರ ಮೇಜು ಬಳಸಿ, ಅವಳ ಬೆಂಚಿನ ಮುಂದೆ ಬಂದು ನಿಂತರು. ಅಷ್ಟಕ್ಕೇ ಏದುಸಿರು ಬಂದಿತ್ತು.

"ಅಕ್ಕನಾ?"

"ಹೂಂ ವಕೀಲರೇ."

"ನಾನು ಮನೆಗೆ ಹೋಗ್ತಿದ್ದೀನಿ. ಇವತ್ತು ಮತ ಹಾಕಲ್ಲ. ನೀವು ಹೋಗಿ."

ಅವಳು ಎದ್ದು ನಿಂತು ಕೈ ಮುಗಿದಳು. "ನಾನು ಮಾತು ಕೊಡ್ತೀನಿ. ನೀವು ಹೋದ ಮೇಲೆ ನಾನು ಖಂಡಿತ…"

"ಬೇಡ," ಎಂದು ವಕೀಲರು ಕೈ ಎತ್ತಿ ತಡೆದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಮಾತು ಕೇಳೋಕೆ ಬಂದಿಲ್ಲ ಪೆನ್ಸಿಲಮ್ಮ. ನಾನು ಹೋದ ಮೇಲೆ ನೀವು ಹೋದ್ರೂ ಸರಿ, ಕೂತು ಮತ ಹಾಕಿದ್ರೂ ಸರಿ. ಅಕ್ಕ ಅನ್ನೋದು ಒಬ್ಬಳೇ ಇರ್ತಾಳೆ, ಅದಕ್ಕೆ ಹೋಗ್ತಿದ್ದೀನಿ." ತಿರುಗಿದವರು ಮತ್ತೆ ನಿಂತು, "ಆ ಕಲಂ ಈಗಲೂ ತಪ್ಪೇ," ಎಂದು ಹೇಳಿ ಬಾಗಿಲ ಕಡೆ ನಡೆದರು.

ಇಷ್ಟು ವರ್ಷದಲ್ಲಿ ಎಷ್ಟೋ ಜನ ಅವಳನ್ನು ಬೈದಿದ್ದರು. ಯಾವುದೂ ಹೀಗೆ ಸುಟ್ಟಿರಲಿಲ್ಲ. ಆ ‘ಬೇಡ’ವನ್ನು ಎದೆಯಲ್ಲಿ ಇಟ್ಟುಕೊಂಡೇ ಅವಳು ಮೆಟ್ಟಿಲಿಳಿದು ಆಟೋ ಹಿಡಿದಳು.

ಅಕ್ಕನ ಹಾಸಿಗೆಯ ಪಕ್ಕ ಮಗಳು ಕೂತಿದ್ದಳು, ನಲವತ್ತು ದಾಟಿದ ಹೆಂಗಸು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಕುರ್ಚಿಯ ತುದಿಯಲ್ಲಿ. ಚಿಕ್ಕಮ್ಮನನ್ನು ಕಂಡು ಎದ್ದು ಜಾಗ ಬಿಟ್ಟಳು. ಪೆನ್ಸಿಲಮ್ಮ ಅಕ್ಕನ ಹಣೆ ಮುಟ್ಟಿದಳು. ಅಕ್ಕ ಕಣ್ಣು ಬಿಟ್ಟಳು, ಮೊದಲು ನೋಡಿದ್ದು ಗೋಡೆಯ ಗಡಿಯಾರ.

"ಸದನ ಇಲ್ವೇನೇ ಇವತ್ತು?"

"ಇದೆ."

"ಮತ್ತೆ ಹೇಗೆ ಬಂದೆ? ನಿನಗೆ ಯಾರೂ ಜೋಡಿ ಬರಲ್ವಲ್ಲ."

"ಮೀಸೆ ವಕೀಲರು ಎದ್ದು ಹೋದ್ರು ಅಕ್ಕ. ಅದಕ್ಕೇ ಬಂದೆ."

ಅಕ್ಕನ ಮುಖ ಅರಳಿತು. ಮೂರು ವಾರದಲ್ಲಿ ಯಾರೂ ಆ ಮುಖ ಹಾಗೆ ನೋಡಿರಲಿಲ್ಲ. ಉಸಿರು ಎಳೆದುಕೊಂಡು, ಒಂದೊಂದೇ ಪದ ಹೇಳಿದಳು. "ಅಂದ್ರೆ... ನಿನ್ನ ಮಾತು... ಮತ್ತೆ ನಂಬಿದ್ರಾ?"

ಪೆನ್ಸಿಲಮ್ಮ ಅಕ್ಕನ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಹೂಂ ಅಕ್ಕ," ಎಂದಳು. "ನಂಬಿದ್ರು."